ಜೇಬು ತಿರುವಿದ ಕೋಟು

ಗುಂಡಿಯಕ್ಕನ ಮುತ್ತಜ್ಜಿ ಚಿಂದಿ ಆಯುವವಳು. ಚಿಂದಿ ಆಯುವವಳೆಂದರೆ ಮೂಗು ಮುರಿಯುವವರು ಮುರಿಯಲಿ. ಆ ಮುದುಕಿ ತಿಪ್ಪೆಯಿಂದ ಎತ್ತಿದ ಬಟ್ಟೆಯನ್ನು ಕುದಿಸಿ, ಒಣಗಿಸಿ, ತುಂಡಿಗೆ ತುಂಡು ಕೂಡಿಸಿ ಹೊದಿಕೆ ಹೊಲಿದು, ಆ ಬಟ್ಟೆ ಬಿಸಾಡಿದ ಸಿರಿವಂತರ ಮನೆಗೇ ಮಾರಿ ಬಂದವಳು. ತಮ್ಮದೇ ಹಳೇ ಅಂಗಿಯ ತೋಳನ್ನು ತಾವೇ ಕೊಂಡು ಹೊದ್ದು ಮಲಗಿದ ಆ ಮಹಾಶಯರು ಮಾರನೆಯ ಬೆಳಗ್ಗೆ, ‘ಏನು ಬೆಚ್ಚಗಿದೆಯಮ್ಮ ನಿನ್ನ ಹೊದಿಕೆ’ ಎಂದು ಹೊಗಳಿದರಂತೆ. ಮುದುಕಿ ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವಳ ಮಗಳು, ಅಂದರೆ ಗುಂಡಿಯಕ್ಕನ ಅಜ್ಜಿ, ತಿಪ್ಪೆ ಬಿಟ್ಟು ಬೀದಿಗೆ ಬಂದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯೊಳಗೆ ಸೂಜಿ, ದಾರ, ಬಾಚಣಿಗೆ. ಹಳೇ ಬಟ್ಟೆ ಕೊಟ್ಟವರಿಗೆ ಅವುಗಳಲ್ಲೊಂದನ್ನು ಕೊಡುವುದು ಅವಳ ವ್ಯಾಪಾರ. ಒಂದು ವರ್ಷ ಊರಿನ ಗಿರಣಿ ಮುಚ್ಚಿತು. ಆ ವರ್ಷವೇ ಚಳಿಯೂ ಹಟ ಹಿಡಿದು ಕೂತಿತು. ಜನ ನಡುಗುತ್ತ ಅವಳ ಬಾಗಿಲಿಗೆ ಬಂದರು. ಕೊಡಲು ಅವರಲ್ಲಿ ಏನೂ ಇರಲಿಲ್ಲ. ಅಜ್ಜಿ ಕೂಡಿಟ್ಟ ಗಂಟನ್ನೆಲ್ಲ ಬಿಚ್ಚಿ ಹರಡಿದಳು, ಆದರೆ ಬಿಟ್ಟಿ ಒಂದು ಚೂರೂ ಕೊಡಲಿಲ್ಲ. ‘ಬಿಟ್ಟಿ ತಗೊಂಡ್ರೆ ನಾಳೆ ನನ್ನ ಕಂಡು ಆ ಕಡೆ ರಸ್ತೆ ದಾಟ್ತೀರ. ಏನಾದ್ರೂ ಕೊಡಿ, ವ್ಯಾಪಾರ ಅಂತ ಆಗ್ಲಿ. ಗುಂಡಿ ಇದೆಯಲ್ಲ?’ ಎಂದಳು. ಬಂದವರು ತಮ್ಮ ಅಂಗಿಯ ಗುಂಡಿಯೊಂದನ್ನು ಕಿತ್ತು ಕೊಟ್ಟು, ಕಂಬಳಿ ಹೊದ್ದು, ತಲೆಯೆತ್ತಿಕೊಂಡೇ ಹೋದರು. ಆ ಗುಂಡಿಗಳು ತುಂಬಿದ ತಗಡಿನ ಡಬ್ಬಿ ಇಂದಿಗೂ ಗುಂಡಿಯಕ್ಕನ ಅಂಗಡಿಯ ಗೂಡಿನಲ್ಲಿದೆ. ಕಪ್ಪು, ಬಿಳಿ, ಮರದ್ದು, ಮೂಳೆಯದ್ದು, ಅಂಚು ಒಡೆದದ್ದು. ಒಂದನ್ನೂ ಯಾರೂ ಮಾರಿಲ್ಲ.

ಅಜ್ಜಿಯ ಮಗ, ಗುಂಡಿಯಕ್ಕನ ಅಪ್ಪ, ಬುಟ್ಟಿ ಇಳಿಸಿ ಅಂಗಡಿ ಮಾಡಿದ. ಅವನು ಮಾರಿದ ಒಂದು ಕೋಟಿನ ಜೇಬಿನಲ್ಲಿ ಯಾರದೋ ಉಂಗುರ ಸಿಕ್ಕಿ, ಕದ್ದ ಮಾಲು ಮಾರುತ್ತಾನೆಂದು ಅವನನ್ನು ಹಿಡಿದುಕೊಂಡು ಹೋದರು. ತಪ್ಪಿಲ್ಲವೆಂದು ಗೊತ್ತಾಗುವ ಹೊತ್ತಿಗೆ ಅವನ ಮುಂದಿನ ಹಲ್ಲು ಹೋಗಿತ್ತು. ಹಲ್ಲಿಲ್ಲದ ಬಾಯಿಯಿಂದ ಅವನು ಮನೆಯವರಿಗೆ ಒಂದು ಪದ್ಧತಿ ಹಾಕಿಕೊಟ್ಟ: ಮಾರುವ ಬಟ್ಟೆಯ ಜೇಬನ್ನೆಲ್ಲ ಹೊರಕ್ಕೆ ತಿರುವಿ, ನಾಲಿಗೆಯಂತೆ ನೇತುಬಿಡಬೇಕು. ಒಳಗೇನೂ ಇಲ್ಲ ಎಂದು ಕೊಳ್ಳುವವನಿಗೂ ಕಾಣಬೇಕು, ಬೀದಿಗೂ ಕಾಣಬೇಕು. ಅಂದಿನಿಂದ ಆ ಮನೆಯಲ್ಲಿ ಜೇಬು ಹೊರಗಿದೆ ಎಂದರೆ ಇನ್ನು ಅದು ನಮ್ಮದಲ್ಲ ಎಂದು ಅರ್ಥ. ಉಟ್ಟ ಬಟ್ಟೆಯ ಜೇಬು ಅಪ್ಪಿತಪ್ಪಿ ಹೊರಗೆ ಬಂದರೂ ಅಮ್ಮ ಕೈಮೇಲೆ ಹೊಡೆಯುತ್ತಿದ್ದಳು.

ಅಮ್ಮನದೂ ಒಂದು ಪದ್ಧತಿ. ಮೈಮೇಲಿಂದ ಇಳಿದ ಬಟ್ಟೆ ಯಾರದ್ದೇ ಆಗಲಿ, ಒಂದು ದಿನವೂ ಹಾಗೇ ಇರಬಾರದು. ನೆಟ್ಟಗೆ ಹಂಡೆಗೆ ಬೀಳಬೇಕು, ಕುದಿಯಬೇಕು. ಕಂಡವರ ಬಟ್ಟೆಯಲ್ಲಿ ಬದುಕುವ ಮನೆ. ಹೇನು, ತುರಿ, ಜ್ವರ ಎಲ್ಲ ಬಟ್ಟೆ ಹಿಡಿದುಕೊಂಡೇ ಒಳಗೆ ಬರುತ್ತವೆ. ಅಷ್ಟೆಲ್ಲ ಕುದಿಸಿದರೂ ಒಂದು ವರ್ಷ ಜ್ವರ ಬಂದೇ ಬಂತು. ಅಪ್ಪ ಅಮ್ಮ ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಯಿತು.

ಉಳಿದವರು ಇಬ್ಬರು. ಮೀಸೆ ಆಗಷ್ಟೇ ಚಿಗುರುತ್ತಿದ್ದ ಅಣ್ಣ. ಅವನ ಸೊಂಟಕ್ಕೂ ಬಾರದ ತಂಗಿ. ಚಿಕ್ಕಪ್ಪ ಬಂದು, ‘ಹುಡುಗೀನ ನಾನು ಕರ್ಕೊಂಡು ಹೋಗ್ತೀನಿ. ಮನೆಗೆಲಸಕ್ಕಾದ್ರೂ ಆಗ್ತಾಳೆ. ನಿನ್ನ ಹೊಟ್ಟೆ ನೋಡ್ಕೋ ಸಾಕು’ ಎಂದ. ಅಣ್ಣ ತಂಗಿಯನ್ನು ಎಳೆದು ಎದುರು ನಿಲ್ಲಿಸಿ, ಅವಳ ಲಂಗದ ಪುಟ್ಟ ಜೇಬು ತೋರಿಸಿದ.

‘ಜೇಬು ಹೊರಗಿದೆಯಾ ಚಿಕ್ಕಪ್ಪ?’

‘ಇಲ್ಲ. ಯಾಕೆ?’

‘ಹಾಗಾದ್ರೆ ಇದು ಮಾರಾಟಕ್ಕಿಲ್ಲ. ಹೋಗಿ ಬನ್ನಿ.’

ಆ ಚಳಿಗಾಲದಲ್ಲಿ ಅವನು ರಾಶಿಯಲ್ಲಿದ್ದ ದೊಡ್ಡವರ ಕೋಟು ಕತ್ತರಿಸಿ ತಂಗಿಗೆ ಕೋಟು ಹೊಲಿದ. ತೋಳೊಂದು ಉದ್ದ, ಒಂದು ಗಿಡ್ಡ. ಅವಳು ಅತ್ತಳು. ‘ಗಿಡ್ಡ ತೋಳಿನ ಕೈಯಲ್ಲಿ ತಿನ್ನು, ಉದ್ದ ತೋಳಿನಲ್ಲಿ ಮೂಗು ಒರಸಿಕೋ. ಎರಡಕ್ಕೂ ಅನುಕೂಲ’ ಎಂದು ನಗಿಸಿದ. ಅವನು ಮದುವೆಯಾಗಲಿಲ್ಲ. ಕೇಳಿದವರಿಗೆ, ‘ನನ್ನ ಅಳತೆಯವಳು ಹಳೇ ರಾಶೀಲಿ ಸಿಗಲಿಲ್ಲ, ಹೊಸದು ಕೊಳ್ಳೋ ಯೋಗ್ಯತೆ ನನಗಿಲ್ಲ’ ಎನ್ನುತ್ತಿದ್ದ. ತಂಗಿಗೆ ಮದುವೆ ಮಾಡಿದ. ಗಂಡ ಬಹಳ ದಿನ ಬಾಳಲಿಲ್ಲ. ಅವಳು ಬರಿಗೈಯಲ್ಲಿ ಹಿಂದಿರುಗಿದ ದಿನ ಅಣ್ಣ ಗುಂಡಿ ಕಿತ್ತುಹೋದ ಅಂಗಿಗಳ ಗಂಟೊಂದನ್ನು ಅವಳ ಮುಂದೆ ನೂಕಿ, ‘ಪುಟ್ಟಿ, ಇವನ್ನ ನೋಡು’ ಎಂದ, ನಿನ್ನೆ ಮಾತಾಡಿ ಬಿಟ್ಟ ಕೆಲಸವನ್ನು ಇವತ್ತು ಮುಂದುವರಿಸುವವನ ಹಾಗೆ.

ಅಂದಿನಿಂದ ಅವಳಿಗೆ ಗುಂಡಿಯ ಕೆಲಸ, ಅವನಿಗೆ ಜೇಬಿನ ಕೆಲಸ. ಬೀದಿ ಇಬ್ಬರಿಗೂ ಹೆಸರಿಟ್ಟಿತು: ಗುಂಡಿಯಕ್ಕ, ಜೇಬಣ್ಣ. ಹುಟ್ಟುಹೆಸರು ಅವರಿಗೇ ಮರೆತಿರಬೇಕು.

ಮರೆವು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ತಲೆ ಪೂರಾ ಬೆಳ್ಳಗಾದ ಮೇಲೆ ಜೇಬಣ್ಣನಿಗೆ ಒಂದೊಂದೇ ಜಾರತೊಡಗಿತು. ಮೊದಲು ಗಿರಾಕಿಯ ಮುಖ, ಆಮೇಲೆ ಬೀದಿಯ ತಿರುವು, ಆಮೇಲೆ ಊಟ ಮಾಡಿದ್ದು. ಕೈಗೆ ಮಾತ್ರ ಮರೆವು ಬರಲಿಲ್ಲ. ಬಟ್ಟೆ ಕಂಡರೆ ಬೆರಳು ತಾನಾಗಿ ಜೇಬಿಗೆ ಹೋಗಿ ಅದನ್ನು ಹೊರಕ್ಕೆ ತಿರುವುತ್ತಿತ್ತು. ಒಂದು ದಿನ ಗಿರಾಕಿಯೊಬ್ಬ, ‘ಅಜ್ಜ, ನೀವು ಹಾಕಿರೋ ಟೋಪಿ ಚೆನ್ನಾಗಿದೆ’ ಎಂದ. ಜೇಬಣ್ಣ ಟೋಪಿ ತೆಗೆದು ಅವನ ತಲೆಗಿಟ್ಟು ಕಳಿಸಿಕೊಟ್ಟ. ಗುಂಡಿಯಕ್ಕ ಅಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇನ್ನೊಂದು ದಿನ ಅಂಗಿಯನ್ನೇ ಬಿಚ್ಚಿ ಮಾರಿ ಬರಿಮೈಯಲ್ಲಿ ಗಲ್ಲಾದ ಮುಂದೆ ಕೂತಿದ್ದ. ಅಂದೂ ಕಣ್ಣಲ್ಲಿ ನೀರು ಬಂತು; ನಗು ಬರಲಿಲ್ಲ. ಮರುದಿನವೇ ಬಾಗಿಲಿಗೆ ಹೊರಗಡೆಯಿಂದ ಒಂದು ಚಿಲಕ ಹಾಕಿಸಿದಳು.

ಒಂದು ದಿನ ಆ ಚಿಲಕ ತೆಗೆದು ಒಳಗೆ ಬಂದ ಗಿರಾಕಿ ಹೊರಡುವಾಗ ಮತ್ತೆ ಹಾಕದೆ ಹೋದ. ಅಷ್ಟೇ ಆದದ್ದು.

ಬೆಳಗಿನ ಹೊತ್ತು. ಹೊರಗೆ ಮುಖಕ್ಕೆ ಬಡಿಯುವ ಚಳಿಗಾಳಿ. ಗುಂಡಿಯಕ್ಕ ಹಿತ್ತಲಿನಲ್ಲಿ ಹಂಡೆಗೆ ಬೆಂಕಿ ಹಾಕಿ, ಅಣ್ಣ ರಾತ್ರಿ ತೊಟ್ಟದ್ದು, ಹೊದ್ದದ್ದು, ತಲೆದಿಂಬಿನ ಚೀಲ, ಕುತ್ತಿಗೆಗೆ ಸುತ್ತುವ ಪಟ್ಟಿ, ಎಲ್ಲ ಅದರೊಳಗೆ ಮುಳುಗಿಸಿ ಕೋಲಿನಿಂದ ತಿರುವಿದಳು. ಅವನು ಉಣ್ಣೆಯ ಕೋಟು ಹಾಕಿಕೊಂಡು ಅಂಗಡಿಯ ಕುರ್ಚಿಯಲ್ಲಿ ಬೆಚ್ಚಗೆ ಕೂತಿದ್ದ. ಕೈ ಒರಸಿಕೊಂಡು ಅಂಗಡಿಗೆ ಬಂದಳು. ಕುರ್ಚಿ ಖಾಲಿ. ಬಾಗಿಲು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.



ಬೀದಿಯ ಈ ತುದಿ, ಆ ತುದಿ, ಹಿಂದಿನ ಓಣಿ, ನೀರಿನ ತೊಟ್ಟಿಯ ಹಿಂದೆ, ಎಲ್ಲ ಹುಡುಕಿದಳು. ಎದುರಿನ ಇಸ್ತ್ರಿಯವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಠಾಣೆಗೆ ಓಡಿದ. ಪೊಲೀಸಿನವನೊಬ್ಬ ನಾಯಿ ಹಿಡಿದುಕೊಂಡು ಬಂದ. ಒಳ್ಳೆಯ ಮನುಷ್ಯ, ಮಾತಿನಲ್ಲಿ ಬಿರುಸಿದ್ದರೂ ಮುಖದಲ್ಲಿ ಇರಲಿಲ್ಲ.

‘ಅವರು ಹಾಕಿ ಬಿಚ್ಚಿದ ಬಟ್ಟೆ ಒಂದು ಕೊಡಿಯಮ್ಮ. ಒಗೀದೇ ಇರೋದು. ಇವನು ಮೂಸಿದ ಅಂದ್ರೆ ನೆಟ್ಟಗೆ ಅವರ ಹತ್ರಾನೇ ಹೋಗಿ ನಿಲ್ತಾನೆ.’

ಗುಂಡಿಯಕ್ಕ ಒಳಗೆ ಹೋದಳು. ಗೋಡೆಯಿಂದ ಗೋಡೆಗೆ ಬಟ್ಟೆ. ಕಪಾಟು, ಗೂಟ, ಗಂಟು, ಹಗ್ಗ, ಮಂಚದ ಕೆಳಗೆ, ಮಾಡಿನವರೆಗೂ ಬಟ್ಟೆ. ಒಂದು ಊರಿಗೆ ಉಡಿಸಬಹುದಾದಷ್ಟು ಬಟ್ಟೆಯ ನಡುವೆ ಅಣ್ಣನ ಮೈವಾಸನೆಯ ಒಂದು ತುಂಡಿಗಾಗಿ ಅವಳು ಹುಚ್ಚಿಯ ಹಾಗೆ ಕೈಯಾಡಿಸಿದಳು. ಹಾಸಿಗೆಯ ಮೇಲೆ ಆಗಲೇ ಒಗೆದ ಹಾಸು ಹಾಸಿದ್ದಳು. ಕೊನೆಗೆ ಹಿತ್ತಲಿಗೆ ಹೋಗಿ ಹಂಡೆಯ ಮುಂದೆ ನಿಂತಳು. ಬೇಕಾದದ್ದೆಲ್ಲ ಅದರಲ್ಲಿತ್ತು, ಗುಳುಗುಳು ಕುದಿಯುತ್ತ. ಕೋಲಿಗೆ ಸಿಕ್ಕಿಸಿ ತಲೆದಿಂಬಿನ ಚೀಲ ಎತ್ತಿದಳು. ಆವಿ ಹಾಯುತ್ತಿದ್ದ ಅದನ್ನು ಬರಿಗೈಯಲ್ಲಿ ಹಿಂಡಿ, ಬೊಕ್ಕೆ ಏಳುವುದೂ ತಿಳಿಯದೆ ತಂದು ನಾಯಿಯ ಮುಂದೆ ಹಿಡಿದಳು.

ನಾಯಿ ಮೂಸಿತು. ಸಾಬೂನಿನ ಘಾಟಿಗೆ ಸೀನಿತು. ಮತ್ತೊಮ್ಮೆ ಸೀನಿ, ಮುಖ ತಿರುಗಿಸಿ, ಬಾಗಿಲಲ್ಲಿ ಮಲಗಿಬಿಟ್ಟಿತು.

‘ಏನಮ್ಮ ಇದು, ಒಂದೂ ಬಿಟ್ಟಿಲ್ವಾ?’ ಪೊಲೀಸಿನವನು ಕೇಳಿದ.

‘ನಮ್ಮ ಮನೇಲಿ ಬಿಡಲ್ಲ ಸ್ವಾಮಿ’ ಎಂದಳು. ಜೀವಮಾನವೆಲ್ಲ ಎದೆಯುಬ್ಬಿಸಿ ಹೇಳಿಕೊಂಡು ಬಂದ ಮಾತು ಅದು. ಅಣ್ಣನ ಜಾಡನ್ನು ಅವಳೇ ತನ್ನ ಕೈಯಾರೆ ಬೇಯಿಸಿ ಕುಡಿಸಿಬಿಟ್ಟಿದ್ದಳು, ಹಂಡೆಗೆ.

‘ಆಸ್ಪತ್ರೆಗೂ ಬಸ್ ನಿಲ್ದಾಣಕ್ಕೂ ಹೇಳಿರ್ತೀವಿ. ಆದ್ರೆ ಕತ್ತಲಾಗೋದರೊಳಗೆ ಸಿಗಬೇಕಮ್ಮ. ಈ ಚಳೀಲಿ ಈ ವಯಸ್ಸಿನವರು ಹೊರಗೆ ಉಳಿದ್ರೆ...’ ಎಂದು ಪೊಲೀಸಿನವನು ನಾಯಿಯ ಹಗ್ಗ ಎಳೆದು ಎಬ್ಬಿಸಿದ.

ಇಸ್ತ್ರಿಯವನಿಗೆ ಅಂಗಡಿ ನೋಡಿಕೊಳ್ಳಲು ಹೇಳಿ, ಮೇಲೊಂದು ಶಾಲು ಎಳೆದುಕೊಂಡು ಅವಳು ಹೊರಟಳು. ಎತ್ತ ಹೋಗುವುದು? ಕಾಲು ತನಗೆ ಗೊತ್ತಿದ್ದ ಕಡೆಗೇ ನಡೆಯಿತು: ಹಳೇ ಬಟ್ಟೆಯ ಅಂಗಡಿಗಳು ಸಾಲಾಗಿ ಇರುವ ದೊಡ್ಡ ಬೀದಿಗೆ. ಹಳೇ ಬಟ್ಟೆ ಈಗ ದೊಡ್ಡವರ ಷೋಕಿಯೂ ಆಗಿದೆ. ಆ ಬೀದಿಯಲ್ಲಿ ಗಾಜಿನ ಬಾಗಿಲು, ಬಣ್ಣದ ದೀಪ, ಬಟ್ಟೆ ತೊಟ್ಟು ನಿಂತ ತಲೆಯಿಲ್ಲದ ಬೊಂಬೆಗಳು. ಅಂಥ ಅಂಗಡಿಗಳ ಮುಂದೆ ಅವಳು ಎಂದೂ ನಿಂತವಳಲ್ಲ. ಅಂದು ಒಂದರ ಮುಂದೆ ಅವಳ ಕಾಲು ನೆಲಕ್ಕೆ ಅಂಟಿಕೊಂಡಿತು.

ಗಾಜಿನ ಹಿಂದೆ, ಬೊಂಬೆಯೊಂದರ ಮೈಮೇಲೆ, ಅಣ್ಣನ ಉಣ್ಣೆಯ ಕೋಟು. ಎರಡು ಬದಿಯ ಜೇಬೂ ಹೊರಕ್ಕೆ ತಿರುವಿ ನಾಲಿಗೆ ಚಾಚಿಕೊಂಡಿತ್ತು.

ಒಳಗೆ ನುಗ್ಗಿದಳು. ಅಂಗಡಿಯ ಹುಡುಗಿ ನಗುಮುಖದಿಂದಲೇ ಎದ್ದಳು.

‘ಬನ್ನಿ ಆಂಟಿ. ಆ ಕೋಟಾ? ಈಗ ತಾನೇ ಬಂತು. ಜೇಬು ಹಾಗೆ ಇರೋದು ಹೊಸ ಸ್ಟೈಲು ಇರಬೇಕು, ನಾನೂ ಹಾಗೇ ಬಿಟ್ಟೆ.’

‘ಸ್ಟೈಲಲ್ಲ ತಾಯಿ, ಅದು ನಮ್ಮಣ್ಣ. ಎಲ್ಲಿ ಹೋದ ಅವನು? ಎಷ್ಟು ಹೊತ್ತಾಯ್ತು?’

ಹುಡುಗಿಯ ನಗು ಇಳಿಯಿತು. ‘ಆಗಲೇ ಹೋದ್ರು. ದುಡ್ಡು ಬೇಡ ಅಂದ್ರು ಆಂಟಿ. ಪುಟ್ಟ ಕೈಗವಸು ಇದೆಯಾ, ಚಿಕ್ಕ ಹುಡುಗಿಗೆ, ಅಂತ ಕೇಳಿದ್ರು. ಒಂದು ಜೊತೆ ಕೊಟ್ಟೆ. ಮೊಮ್ಮಗಳಿಗೇನೋ ಅಂದ್ಕೊಂಡೆ.’

ಮೊಮ್ಮಗಳೂ ಇಲ್ಲ, ಮರಿಮಗಳೂ ಇಲ್ಲ. ಯಾರಿಗೆ? ಗುಂಡಿಯಕ್ಕನಿಗೆ ಅದು ಹೊಳೆಯಲಿಲ್ಲ. ಹೊಳೆದದ್ದು ಒಂದೇ: ಈ ಕೋಟು ಹಂಡೆಗೆ ಬಿದ್ದಿಲ್ಲ. ನಾಯಿಯ ಮೂಗಿಗೆ ಇದು ಸಾಕು! ಕಾಲರಿಗೆ ಮುಖ ಹಚ್ಚಿ ಮೂಸಿದಳು. ಯಾವುದೋ ಹೂವಿನ ಸೆಂಟು ಗಪ್ಪೆಂದು ಬಡಿಯಿತು.

‘ಆವಿ ಹಾಯಿಸಿ, ಸೆಂಟು ಹೊಡೆದಿದ್ದೀನಿ ಆಂಟಿ. ಬಂದ ಬಟ್ಟೆಗೆಲ್ಲ ಹೊಡೀತೀವಿ’ ಎಂದಳು ಹುಡುಗಿ, ಅಪರಾಧ ಮಾಡಿದವಳ ಹಾಗೆ. ‘ಕೋಟು ತಗೊಂಡು ಹೋಗಿ, ಪಾಪ, ಅವರಿಗೆ ಚಳಿ ಆಗುತ್ತೆ.’

ಗುಂಡಿಯಕ್ಕನ ಕೈ ಕೋಟಿನವರೆಗೆ ಹೋಯಿತು. ತಿರುವಿದ ಜೇಬು ಬೆರಳಿಗೆ ತಾಗಿತು. ಕೈ ಹಿಂದಕ್ಕೆ ಬಂತು.

‘ಬೇಡ. ಜೇಬು ಹೊರಗೆ ಹಾಕಿ ಕೊಟ್ಟಿದ್ದಾನೆ. ಅದು ನಿಂದು.’

ಬೀದಿಗೆ ಬಂದು ಗಾಳಿ ಮುಖಕ್ಕೆ ಹೊಡೆದಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಸೊಕ್ಕಿನವಳೇ, ಅಣ್ಣ ಎಲ್ಲೋ ನಡುಗುತ್ತಿದ್ದಾನೆ, ನಿನಗೆ ಪದ್ಧತಿ ಬೇಕಾಯಿತೇ? ಹಿಂದಿರುಗಿ ನೋಡಿದಳು. ಆದರೆ ಹಿಂದಿರುಗಿ ಹೋಗಲಿಲ್ಲ; ಹೋಗಲು ಹೊತ್ತೂ ಇರಲಿಲ್ಲ, ಮುಖವೂ ಇರಲಿಲ್ಲ.

ಈಗ ಅವಳಿಗೆ ಜಾಡು ಸಿಕ್ಕಿತ್ತು. ನಾಯಿಗೆ ಸಿಗದ ಜಾಡು. ಹಳೇ ಬಟ್ಟೆ ತೂಗುಹಾಕಿದ ಕಡೆಯಲ್ಲೆಲ್ಲ ಅವಳ ಕಣ್ಣು ಜೇಬನ್ನೇ ಹುಡುಕತೊಡಗಿತು.

ಬೀದಿಯ ತುದಿಯಲ್ಲಿ, ಗೋಣಿ ಹಾಸಿ ಹಳೇ ಬೂಟು ಮಾರುವ ಮುದುಕನೊಬ್ಬ ಕೂತಿದ್ದ. ಸಾಲಿನ ನಡುವೆ ಅಣ್ಣನ ಬೂಟು. ಬೂಟಿಗೆಲ್ಲಿಯ ಜೇಬು? ಅಣ್ಣ ಒಳಗಿನ ಚರ್ಮದ ಪಟ್ಟಿಯನ್ನೇ ಎಳೆದು ಹೊರಕ್ಕೆ ಮಡಚಿದ್ದ.

‘ಇದನ್ನ ಕೊಟ್ಟವನು ಎಲ್ಲಿ?’

ಮುದುಕ ಬಾಯಲ್ಲಿದ್ದ ಬೀಡಿ ತೆಗೆದ. ‘ಬೂಟು ಗಟ್ಟಿಯಾಗಿದೆ ಅಕ್ಕ. ಮನುಷ್ಯ ಮಾತ್ರ ಹರಿದುಹೋಗಿದ್ದಾನೆ. ಇಷ್ಟು ದೊಡ್ಡ ಬೂಟು ಕೊಟ್ಟು, ಅಂಗೈಯಗಲದ ಮಕ್ಕಳ ಬೂಟು ತಗೊಂಡು ಹೋದ. ಇಂಥ ಗಿರಾಕಿ ದಿನಾ ಬಂದ್ರೆ ನಾನು ಮಹಡಿ ಮನೆ ಕಟ್ಟಿಸ್ತಿದ್ದೆ.’

‘ಬರಿಗಾಲಲ್ಲಿ ಕಳಿಸಿದೆಯಾ? ಈ ನೆಲದ ಮೇಲೆ? ಅವನ ವಯಸ್ಸು ಕಾಣ್ಲಿಲ್ವಾ ನಿನ್ನ ಕಣ್ಣಿಗೆ?’

‘ನಾನೇನು ಬಿಚ್ಚಿಸಿಕೊಂಡ್ನಾ? ಬೇಡಪ್ಪ, ಕಾಲಿಗೆ ಹಾಕ್ಕೋ ಅಂದೆ. ಅವನೇ ಬೈದ. ಬಿಟ್ಟಿ ತಗೊಳ್ಳೋ ಮನೆತನ ನಮ್ಮದಲ್ಲ ಅಂದ.’ ಮುದುಕ ಅವಳ ಮುಖ ನೋಡಿ ದನಿ ಇಳಿಸಿದ. ‘ನಿಮ್ಮವನಾ? ಸೇತುವೆ ಕಡೆ ಹೋದ ನೋಡಕ್ಕ. ಬೇಗ ಹೋಗು. ಕುಂಟ್ತಾ ಇದ್ದ.’

ಸೇತುವೆಯ ಮೇಲೆ ಗಾಳಿಗೆ ಅಡ್ಡಿ ಆತಂಕ ಏನೂ ಇರಲಿಲ್ಲ. ಗುಂಡಿಯಕ್ಕ ಕಂಬಿ ಹಿಡಿದುಕೊಂಡು ನಡೆದಳು. ಒಂದೊಂದು ಸಲ ನೀರಿನ ಕಡೆ ನೋಡಿ, ನೋಡಿದ್ದಕ್ಕೆ ಬೆದರಿ, ಮುಖ ತಿರುಗಿಸಿಕೊಂಡಳು. ಅವಳಿಗೂ ವಯಸ್ಸಾಗಿತ್ತು, ಮಂಡಿ ಅವಳ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅಂದು ಬೈದು ಬೈದು ಅದನ್ನು ನಡೆಸಿದಳು. ಬಿಸಿಲು ಆಚೆ ದಡದ ಗೋದಾಮುಗಳ ತಗಡಿನ ಮೇಲೆ ವಾಲಿತ್ತು.

ಸೇತುವೆ ಇಳಿದಲ್ಲಿ ತಳ್ಳುಗಾಡಿಯ ಮೇಲೆ ಬಟ್ಟೆ ರಾಶಿ ಹಾಕಿ ಮಾರುವವಳು ಗಾಡಿ ಕಟ್ಟುತ್ತಿದ್ದಳು. ರಾಶಿಯ ಮೇಲೇ ಅಣ್ಣನ ಅಂಗಿ, ಅದರ ಕೆಳಗೆ ಪ್ಯಾಂಟು. ಜೇಬುಗಳೆಲ್ಲ ಹೊರಗೆ, ಹಿಂದಿನ ಜೇಬು ಕೂಡ. ಅಣ್ಣನ ಕೆಲಸದಲ್ಲಿ ಒಂದು ಕುಂದಿರಲಿಲ್ಲ. ಗುಂಡಿಯಕ್ಕ ಆ ಪ್ಯಾಂಟನ್ನು ಎತ್ತಿ ಹಿಡಿದು ನಿಂತಳು. ಅಂದರೆ ಈಗ ಮೈಮೇಲೆ ಉಳಿದದ್ದು ಬನಿಯನ್ನು, ಚಡ್ಡಿ. ಅಷ್ಟೇ.

ಗಾಡಿಯವಳು ಅವಳು ಬಾಯಿ ತೆರೆಯುವ ಮುಂಚೆಯೇ ಶುರುಮಾಡಿದಳು. ‘ನನ್ನ ಬೈಬೇಡಿ ಅಮ್ಮ, ನಾನು ಬೇಡ ಬೇಡ ಅಂದೆ. ರಸ್ತೇಲೇ ಬಿಚ್ಚಿಬಿಟ್ರು. ಜನ ಸುತ್ತ ನಿಂತು ನಕ್ಕರು, ಫೋನಲ್ಲಿ ಹಿಡಿದ್ರು. ಅವರಿಗೆ ಅದ್ಯಾವುದೂ ಬೇಕಿರಲಿಲ್ಲ. ಈ ಮಕ್ಕಳ ಫ್ರಾಕು ಕೊಡು, ನಮ್ಮ ಪುಟ್ಟಿಗೆ ಸರಿಹೋಗುತ್ತೆ ಅಂದ್ರು. ಯಾರಮ್ಮ ಪುಟ್ಟಿ?’

ಗುಂಡಿಯಕ್ಕನ ಕೈಯಿಂದ ಪ್ಯಾಂಟು ಜಾರಿತು.

ಕೈಗವಸು. ಬೂಟು. ಫ್ರಾಕು. ಅವಳಿಗೆ ಒಮ್ಮೆಲೇ ಎಲ್ಲ ತಿಳಿಯಿತು. ಅವನು ಆ ಚಳಿಗಾಲದಲ್ಲಿದ್ದಾನೆ. ಅಪ್ಪ ಅಮ್ಮ ಈಗಷ್ಟೇ ಹೋಗಿದ್ದಾರೆ. ಮನೆಯಲ್ಲಿ ಸೊಂಟದೆತ್ತರದ ತಂಗಿ ನಡುಗುತ್ತ ಕೂತಿದ್ದಾಳೆ, ಅವಳಿಗೆ ತೊಡಿಸಲು ಅವನು ಊರು ತಿರುಗುತ್ತಿದ್ದಾನೆ, ತನ್ನ ಮೈಮೇಲಿನದನ್ನು ಒಂದೊಂದೇ ಕೊಟ್ಟು.

‘ನಾನಮ್ಮ ಪುಟ್ಟಿ’ ಎಂದಳು. ‘ಎತ್ತ ಹೋದ ಹೇಳು.’

ಗಾಡಿಯವಳು ಈ ನರೆತಲೆಯ ಪುಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಗೋದಾಮಿನ ದೊಡ್ಡ ಗೇಟಿನ ಕಡೆ ಕೈ ತೋರಿಸಿದಳು.

ಆ ಗೋದಾಮು ದಿಂಡಿನ ಸಾಹುಕಾರನದು. ದೂರದ ಊರುಗಳಿಂದ ಲಾರಿಗಟ್ಟಲೆ ಹಳೇ ಬಟ್ಟೆ ಅಲ್ಲಿಗೆ ಬರುತ್ತದೆ. ಹೆಂಗಸರು ಕೂತು ಗಂಡಸರದು, ಹೆಂಗಸರದು, ಮಕ್ಕಳದು ಎಂದು ಬೇರೆ ಬೇರೆ ಗುಡ್ಡೆ ಮಾಡುತ್ತಾರೆ. ಒಂದೊಂದು ಗುಡ್ಡೆಯನ್ನು ಯಂತ್ರಕ್ಕೆ ತುಂಬಿ, ಕಲ್ಲಿನಷ್ಟು ಗಟ್ಟಿಯಾಗಿ ಅಮುಕಿ, ದಿಂಡು ಕಟ್ಟಿ ಮಾರುತ್ತಾರೆ. ಸಾಹುಕಾರ ಎಳೆಯನಾಗಿದ್ದಾಗ ಗುಂಡಿಯಕ್ಕನ ಅಣ್ಣನ ಅಂಗಡಿಯಲ್ಲಿ ಗಂಟು ಹೊತ್ತವನು. ಗೇಟಿನಲ್ಲಿ ಅವಳನ್ನು ಕಂಡು ಅವನೇ ಎದ್ದು ಬಂದ. ವಿಷಯ ಕೇಳಿ ಅವನ ಮುಖದ ಬಣ್ಣ ಹೋಯಿತು.

‘ಮಕ್ಕಳ ಗುಡ್ಡೆ ಈಗ ಯಂತ್ರಕ್ಕೆ ಹಾಕ್ತಿದ್ದಾರೆ ಅಕ್ಕ!’ ಎಂದವನೇ, ‘ನಿಲ್ಸಿ! ನಿಲ್ಸ್ರೋ!’ ಎಂದು ಕೂಗುತ್ತ ಒಳಗೆ ಓಡಿದ. ಅವನ ಹಿಂದೆ ಗುಂಡಿಯಕ್ಕ ಓಡಿದಳು. ಅವಳು ಓಡಿ ಎಷ್ಟು ವರ್ಷವಾಗಿತ್ತೋ.

ಯಂತ್ರ ಗರಗರ ಎಂದು ನಿಂತಿತು. ಗುಡ್ಡೆ ಅರ್ಧ ಕರಗಿತ್ತು. ಉಳಿದ ಅರ್ಧದ ಮೇಲೆ ಗುಂಡಿಯಕ್ಕ ಬಿದ್ದು, ಎರಡೂ ಕೈಯಿಂದ ಬಗೆಯತೊಡಗಿದಳು. ಲಂಗ, ಚಡ್ಡಿ, ಕುಲಾವಿ, ಕಾಲುಚೀಲ. ‘ಅಣ್ಣಾ! ಅಣ್ಣಾ!’ ಕೆಲಸದ ಹೆಂಗಸರೂ ಬಗೆದರು. ಗುಡ್ಡೆಯ ಹಿಂಬದಿಯಲ್ಲಿ, ಗೋಡೆಗೆ ಒತ್ತಿಕೊಂಡಲ್ಲಿ, ಬಟ್ಟೆ ಅಲುಗಿತು.

ಅವನು ಕೂತಿದ್ದ. ಬನಿಯನ್ನು, ಚಡ್ಡಿ. ಅಂಗಾಲು ಒಡೆದು ರಕ್ತ. ತುಟಿ ನೀಲಿ. ಹಲ್ಲು ಕಟಕಟ ಕಡಿಯುತ್ತಿತ್ತು. ಒಂದು ಕಂಕುಳಲ್ಲಿ ಫ್ರಾಕು, ಬೂಟು, ಕೈಗವಸು. ಇನ್ನೊಂದು ಕೈಯಿಂದ ಸಣ್ಣ ಸಣ್ಣ ಸ್ವೆಟರುಗಳನ್ನು ಎತ್ತಿ, ಗಾಳಿಯಲ್ಲಿ ಯಾರದೋ ಭುಜಕ್ಕೆ ಅಳತೆ ಹಿಡಿದು, ಕೆಳಗಿಡುತ್ತಿದ್ದ. ಸುತ್ತ ಗುಡ್ಡೆ ತುಂಬ ಉಣ್ಣೆ. ಒಂದನ್ನೂ ಅವನು ಮೈಮೇಲೆ ಎಳೆದುಕೊಂಡಿರಲಿಲ್ಲ.

‘ಅಣ್ಣಾ.’

ಅವನು ತಲೆಯೆತ್ತಿದ. ಅಂಗಡಿಯ ದನಿಯಲ್ಲಿ, ‘ಏನಮ್ಮ, ಏನು ಬೇಕಾಗಿತ್ತು?’ ಎಂದ.

‘ನಾನು ಕಣೋ. ಪುಟ್ಟಿ.’

ಅವನು ನಕ್ಕ. ಆ ನಗುವಿನಲ್ಲಿ ಕೆಮ್ಮು ಬಂತು. ‘ನಮ್ಮ ಪುಟ್ಟಿ ಇಷ್ಟೇ ಇಷ್ಟು ತಾಯಿ’ ಎಂದು ನೆಲದಿಂದ ಕೈಯೆತ್ತಿ ತೋರಿಸಿದ. ‘ಮನೇಲಿ ಒಬ್ಬಳೇ ಇದ್ದಾಳೆ. ಅಪ್ಪ ಅಮ್ಮ ಹೋದ್ರಲ್ಲ. ಎಲ್ಲ ಸಿಕ್ತು, ಒಂದು ಸ್ವೆಟರ್ ಸಿಕ್ಕಿಬಿಟ್ರೆ ಮುಗೀತು. ಚಿಕ್ಕಪ್ಪ ಬರೋದರೊಳಗೆ ಹೋಗಬೇಕು.’

ಗುಂಡಿಯಕ್ಕ ಶಾಲು ತೆಗೆದು ಅವನ ಮೈಗೆ ಸುತ್ತಿದಳು. ಅವನು ಕೊಡವಿದ. ಮತ್ತೆ ಸುತ್ತಿದಳು. ಎಲ್ಲಿತ್ತೋ ಆ ಶಕ್ತಿ, ಅವಳನ್ನು ದೂಡಿ ಶಾಲನ್ನು ನೆಲಕ್ಕೆ ಹಾಕಿದ.

‘ಬಿಟ್ಟಿ ಬೇಡಮ್ಮ. ನಮ್ಮ ಮನೇಲಿ ಆ ಪದ್ಧತಿ ಇಲ್ಲ.’

‘ಸತ್ತುಹೋಗ್ತೀಯ ಕಣೋ!’ ಅವಳು ಕಿರುಚಿದಳು. ‘ನಿನ್ನ ಕಾಲು ಹಿಡೀತೀನಿ, ಹೊದ್ಕೊಳ್ಳೋ!’

‘ಕೊಡೋಕೆ ನನ್ನ ಹತ್ರ ಏನೂ ಇಲ್ಲ’ ಎಂದ ಅವನು. ಅವಳ ಕಣ್ಣು ತನ್ನ ಕಂಕುಳಿನ ಕಡೆ ಹೋದದ್ದು ಕಂಡು ಆ ಫ್ರಾಕು, ಬೂಟು, ಕೈಗವಸನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ‘ಇವು ಮಾರಾಟಕ್ಕಿಲ್ಲ.’

ಸುತ್ತ ನಿಂತವರಲ್ಲಿ ಇಬ್ಬರು ಗಂಡಸರು ಹಿಡಿದು ಬಲವಂತವಾಗಿ ಹೊದಿಸಬಹುದಿತ್ತು. ಸಾಹುಕಾರ ಕಣ್ಣಲ್ಲೇ ಹಾಗೆ ಕೇಳಿದ. ಗುಂಡಿಯಕ್ಕ ತಲೆಯಾಡಿಸಿದಳು. ಅವನು ಮೊದಲೇ ಹರಿದುಹೋದವನು, ಎಳೆದಾಡಿದರೆ ಏನುಳಿದೀತು? ಅವಳು ಸೋತು ಕೂತಳು. ಕೂತವಳ ಕಣ್ಣಿಗೆ ಅವನ ಹಳೇ ಬನಿಯನ್ನಿನ ಕೊರಳು ಕಂಡಿತು. ಅಲ್ಲಿ ಅವಳೇ ಹೊಲಿದದ್ದೊಂದು ಇತ್ತು.

ಅವಳು ಶಾಲು ಎತ್ತಿಕೊಂಡು, ಮಡಚಿ, ಎದುರಿಗೆ ಹಿಡಿದಳು. ಅಜ್ಜಿ ಹೇಗೆ ಹೇಳುತ್ತಿದ್ದಳೋ ಹಾಗೆ, ವ್ಯಾಪಾರದ ದನಿಯಲ್ಲಿ, ದನಿ ನಡುಗದಂತೆ ಕೇಳಿದಳು:

‘ಗುಂಡಿ ಇದೆಯಲ್ಲ?’

ಅವನ ಕೈ ಕೊರಳಿಗೆ ಹೋಯಿತು. ಬೆರಳು ಮರಗಟ್ಟಿತ್ತು, ಬಹಳ ಹೊತ್ತು ತಡಕಿತು. ಕೊನೆಗೆ ದಾರ ಪಟ್ಟೆಂದು ಹರಿಯಿತು. ಗುಂಡಿಯನ್ನು ಅವಳ ಬೊಕ್ಕೆಯೆದ್ದ ಅಂಗೈಯಲ್ಲಿಟ್ಟು, ಶಾಲು ತೆಗೆದುಕೊಂಡು, ತಾನೇ ಬಿಡಿಸಿ ಹೊದ್ದುಕೊಂಡ.

‘ಒಳ್ಳೇ ವ್ಯಾಪಾರಸ್ಥೆ ನೀವು’ ಎಂದ, ಮರ್ಯಾದೆಯಿಂದ. ಅವಳ ಗುರುತು ಆಗಲೂ ಅವನಿಗೆ ಹತ್ತಲಿಲ್ಲ.

ಸಾಹುಕಾರ ತನ್ನ ಕೋಣೆಯಿಂದ ದಪ್ಪ ಕಂಬಳಿಯೊಂದನ್ನು ಎತ್ತಿಕೊಂಡು ಬಂದ. ತನ್ನ ಗಾಡಿಯನ್ನು ಬಾಗಿಲಿಗೆ ತರಿಸಿದ. ಅವನ ಕಣ್ಣೂ ಒದ್ದೆಯಾಗಿತ್ತು.

‘ಅಕ್ಕ, ನಾನು ನಿಮ್ಮನೆ ಅನ್ನ ತಿಂದು ಬೆಳೆದವನು, ಹಾಗಾಗಿ ಹೇಳ್ತೀನಿ. ಇವತ್ತು ಹೇಗೋ ಸಿಕ್ಕಿದ್ರು. ಯಂತ್ರ ಇನ್ನೊಂದು ಸಲ ಬಾಯಿ ತೆರೆದಿದ್ರೆ ಏನಾಗ್ತಿತ್ತು? ನಾಳೆ ಏನ್ಮಾಡ್ತೀರಿ? ನಾಡಿದ್ದು? ನಿಮಗೇ ನಡೆಯೋಕಾಗಲ್ಲ. ಇಂಥವರನ್ನ ನೋಡಿಕೊಳ್ಳೋ ಒಂದು ಒಳ್ಳೇ ಮನೆ ಇದೆ. ಬೆಚ್ಚಗೆ ಇರ್ತಾರೆ, ಬಾಗಿಲಿಗೆ ಕಾವಲಿದೆ. ಖರ್ಚೆಲ್ಲ ನಂದು. ಈಗಲೇ ಗಾಡೀಲಿ ಕರ್ಕೊಂಡು ಹೋಗೋಣ. ಬಿಟ್ಟಿ ಅನ್ನಿಸಿದ್ರೆ ನನಗೂ ಒಂದು ಗುಂಡಿ ಕೊಡಿ, ತಗೋತೀನಿ.’

ಹೊರಗೆ ತಗಡಿನ ಮೇಲಿನ ಬಿಸಿಲು ಪೂರ್ತಿ ಆರಿತ್ತು. ಅಣ್ಣ ಕೆಮ್ಮುತ್ತಿದ್ದ. ಗುಂಡಿಯಕ್ಕ ಅವನ ಕಂಕುಳಿಗೆ ತನ್ನ ಭುಜ ಕೊಟ್ಟು ಎಬ್ಬಿಸಿದಳು. ಅವನು ಪುಟ್ಟಿಯ ಬೂಟು ಬೀಳದಂತೆ ಎದೆಗೊತ್ತಿಕೊಂಡು ಎದ್ದುನಿಂತ.

‘ಬೇಡಪ್ಪ’ ಎಂದಳು. ‘ಕಂಬಳಿ ಮಡಚಿಡು, ಗಾಡೀನೂ ಕಳಿಸಿಬಿಡು. ಒಳ್ಳೇ ಮನಸ್ಸಿಂದಾನೇ ಹೇಳ್ತಿದ್ದೀಯ, ನನಗೆ ಗೊತ್ತು. ಕಂಬಳಿಗಾದ್ರೆ ಗುಂಡಿ ಕೊಟ್ಟೇನು. ಇವನನ್ನ ಅಲ್ಲಿ ಬಿಟ್ಟುಬರೋದಕ್ಕೆ ಯಾವ ಗುಂಡಿ ಕಿತ್ತು ಕೊಡ್ಲಿ? ನಾಳೆ ಏನ್ಮಾಡ್ತೀರಿ ಅಂದೆ. ಗೊತ್ತಿಲ್ಲ. ನಾಳೆ ಮತ್ತೆ ಹೋಗ್ತಾನೆ, ಮತ್ತೆ ಹುಡುಕ್ತೀನಿ. ಒಂದಿನ ಸಿಗೋದಿಲ್ಲ. ಅದೂ ಗೊತ್ತು. ಆದ್ರೆ ಮೈಮೇಲಿಂದೆಲ್ಲ ಜೇಬು ತಿರುವಿ ಕೊಟ್ಟವನು ನನ್ನ ಜೇಬು ಮಾತ್ರ ಯಾವತ್ತೂ ಹೊರಗೆ ಹಾಕಲಿಲ್ಲ. ನಾನೂ ಅವನದ್ದು ಹಾಕಲ್ಲ. ದಾರಿ ಬಿಡು ಸಾಹುಕಾರ, ಚಳಿ ಏರ್ತಿದೆ. ಇವನಿಗೆ ಬೇಗ ಮನೆಗೆ ಹೋಗಬೇಕಂತೆ, ತಂಗಿ ಒಬ್ಬಳೇ ಇದ್ದಾಳಂತೆ.’